ಕಲ್ಲಿನ ಕೆಳಗಿನ ಇದ್ದಿಲು

ಮೋಜಣಿ ಸಾಹೇಬರು ತೀರಿಕೊಂಡ ಸುದ್ದಿ ನಮ್ಮ ನಾಡಕಚೇರಿಗೆ ಬಂದದ್ದು ಚಹದ ಹೊತ್ತಿಗೆ. ಎಲ್ಲರೂ ಎದ್ದು ಎರಡು ನಿಮಿಷ ನಿಂತೆವು. ಮತ್ತೆ ಕುಳಿತೆವು. ಚಹ ಆರುತ್ತಿತ್ತು. ಕೊನೆಗೆ ಉಪ ತಹಶೀಲ್ದಾರರೇ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಒಮ್ಮಿ ಅವ್ರಂಗ ಮಾಡಿ ತೋರಸೋ ಮಾರಾಯ," ಎಂದರು.

ನಾನು ಎದ್ದೆ. ಕರವಸ್ತ್ರ ತೆಗೆದು ನಾಲ್ಕು ಮಡಿಕೆ ಮಾಡಿದೆ, ಕತ್ತಿನ ಹಿಂಭಾಗ ಒರೆಸಿಕೊಂಡೆ, ಅಪ್ಪಣೆ ಕೇಳುವವನಂತೆ ಒಮ್ಮೆ ಮುಗಿಲು ನೋಡಿದೆ, ಎರಡು ಸಲ ಕೆಮ್ಮಿದೆ. "ಬರ್ಕೋ," ಎಂದೆ. ಎಲ್ಲರೂ ನಕ್ಕರು. ನಕ್ಕು ಮುಗಿಸಿ ಒಬ್ಬರು ಕಣ್ಣೊರೆಸಿಕೊಂಡರು. ಅದು ನಗೆಯ ನೀರೋ ಬೇರೆಯದೋ ನಾನು ವಿಚಾರಿಸಲು ಹೋಗಲಿಲ್ಲ.

ನಾನು ಕಲಿತ ವಿದ್ಯೆ ಬಿ.ಎ., ಕಲಿಯದೆ ಬಂದ ವಿದ್ಯೆ ಅಣಕು. ಹುಣಸಗಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮ ಸಾಹೇಬರವರೆಗೆ ಯಾರನ್ನೂ ಬಿಟ್ಟವನಲ್ಲ. ನನ್ನನ್ನು ಅಣಕಿಸುವುದು ಎಲ್ಲರಿಗಿಂತ ಸುಲಭ: ಕೊಕ್ಕರೆಯಂತೆ ಕುತ್ತಿಗೆ ಚಾಚಿ, ಕಂಕುಳಲ್ಲಿ ಫೈಲು ಹಿಡಿದು, "ಸಾಹೇಬ್ರ, ಒಂದ್ ಸಹಿ, ಒಂದೇ ಒಂದ್ ಸಹಿ," ಎಂದರೆ ನಾನೇ. ನೌಕರಿಗೆ ಸೇರಿದ ಮೊದಲ ವರ್ಷ ನನ್ನ ಅಕ್ಷರ ಹೇಗಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ನನ್ನ ಗಂಟಲು ಹೇಗಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಮೋಜಣಿ ಸಾಹೇಬರ ಅಣಕನ್ನು ನಾನು ಮೊದಲು ಮಾಡಿದ್ದು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ. ಹೋಟೆಲಿನವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ಒಮ್ಮೆಲೇ ಮೇಜು ಒರೆಸತೊಡಗಿದ. ತಿರುಗಿ ನೋಡಿದರೆ ಅವರು ನನ್ನ ಬೆನ್ನ ಹಿಂದೆ ನಿಂತಿದ್ದರು. ಅಂಗಿಯ ಜೇಬಿನಿಂದ ಕುದಿಸಿದ ಶೇಂಗಾ ಒಂದೊಂದೇ ತೆಗೆದು ಬಿಡಿಸಿ ತಿನ್ನುತ್ತಿದ್ದರು.

"ಕೆಮ್ಮು ಎರಡು ಸಲ," ಎಂದರು. "ನೀ ಮೂರು ಸಲ ಕೆಮ್ಮಿದಿ. ಅಳತಿ ಸರಿ ಮಾಡ್ಕೋ ತಮ್ಮಾ."

ಅಷ್ಟೇ. ಸಿಟ್ಟಿಲ್ಲ, ನಗೆಯಿಲ್ಲ. ಅಂದಿನಿಂದ ನಾನು ಎರಡೇ ಸಲ ಕೆಮ್ಮುತ್ತೇನೆ.

ಮೋಜಣಿ ಎಂದರೆ ಭೂಮಿ ಅಳೆಯುವ ಕೆಲಸ. ಅದು ಅವರಿಗೆ ಕಚೇರಿಯ ಹೊತ್ತಿಗಷ್ಟೇ ಸೀಮಿತವಾದ ಕೆಲಸವಾಗಿರಲಿಲ್ಲ. ಹೋಟೆಲು ಎಲ್ಲಿದೆ ಎಂದು ಹೊಸಬ ಯಾರಾದರೂ ಕೇಳಿದರೆ, "ನಾಕು ಸರಪಳಿ, ಅದಕ್ಕ ಎರಡು ಹೆಜ್ಜಿ ಕಡಿಮಿ," ಎನ್ನುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಎಲೆ ಸೊಟ್ಟಗಿದ್ದರೆ ಪಕ್ಕದವರ ಎಲೆಯನ್ನೂ ಸೇರಿಸಿ ನೇರ ಮಾಡಿಯೇ ಕೂಡುತ್ತಿದ್ದರು. ಎಂಜಿನಿಯರರನ್ನು ಕಂಡರೆ ಅವರಿಗೆ ಹೊಟ್ಟೆಕಿಚ್ಚು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ಅವ್ರು ಕಾಗದದ ಮ್ಯಾಲೆ ಕಟ್ತಾರ. ಆ ಕಾಗದ ಎಲ್ಲಿ ಹಾಸ್ಬೇಕಂತ ನಾ ಹೇಳ್ಬೇಕು," ಎಂಬುದು ಅವರ ಮಾತು. ಒಬ್ಬರನ್ನೂ ಹೊಗಳಿದವರಲ್ಲ. ನನ್ನ ಬರವಣಿಗೆ ನೋಡಿ ಒಮ್ಮೆ, "ಓದಾಕ ಬರ್ತದ," ಎಂದರು. ನಾನು ಅದನ್ನೇ ಪ್ರಶಸ್ತಿ ಎಂದುಕೊಂಡು ಮನೆಯಲ್ಲಿ ಹೇಳಿದೆ.

ಅವರು ನೆಲ ಅಳೆಯುವ ಕಬ್ಬಿಣದ ಸರಪಳಿಗೆ 'ಮುದುಕಿ' ಎಂದು ಹೆಸರು. ಹೊಸ ಟೇಪು ಬಂದಿತ್ತು. ಟೇಪಿನಿಂದ ಅಳೆದು, ಆಮೇಲೆ ಮುದುಕಿಯನ್ನು ಕೇಳುತ್ತಿದ್ದರು. ಬೇಸಿಗೆಯಲ್ಲಿ ಮಟಮಟ ಮಧ್ಯಾಹ್ನ ಅಳೆಯಲು ಒಪ್ಪುತ್ತಿರಲಿಲ್ಲ. "ನಮ್ಮ ಬಿಸಿಲಿಗೆ ಮುದುಕಿ ಮೈ ಚಾಚ್ತಾಳ. ಸಾವ್ಕಾರಂದು ಮುಂಜಾನಿ ಅಳದು ಬಡವಂದು ಮಧ್ಯಾಹ್ನ ಅಳದ್ರ ಅದು ಪಾಪ," ಎನ್ನುತ್ತಿದ್ದರು.

ಇನ್ನು ದವಾಖಾನೆಯ ಸಂಗತಿ. ಅದನ್ನು ಹೇಳದೆ ಅವರನ್ನು ಹೇಳಲಾಗುವುದಿಲ್ಲ.

ನಮ್ಮೂರಿನ ಹಳೆಯ ದವಾಖಾನೆ ಎಂದರೆ ಕೆನಾಲ್ ಕೆಲಸ ಮುಗಿಸಿದ ಎಂಜಿನಿಯರರು ಬಿಟ್ಟುಹೋದ ಕ್ಯಾಂಪಿನ ಎರಡು ಕೋಣೆ, ಮೇಲೆ ತಗಡು. ಹೆರಿಗೆಗೆ ಬಂದವರು ಹೊರಗಿನ ಕಟ್ಟೆಯ ಮೇಲೆ ಪಾಳಿ ಹಚ್ಚುತ್ತಿದ್ದರು. ಕೈ ಮೀರಿದರೆ ಜೀಪು ಹತ್ತಿಸಿ ಸುರಪುರಕ್ಕೆ, ಅಲ್ಲಿಂದ ಶಹಾಪುರಕ್ಕೆ, ಅಲ್ಲಿಂದ ಇನ್ನೂ ಮುಂದಕ್ಕೆ. "ಜೀಪಿನ್ಯಾಗ ಹುಟ್ಟಿದ ಕೂಸಿಂದು ಯಾವ ಊರಂತ ಬರೀಲ್ರಿ?" ಎಂದು ಅಲ್ಲಿಯ ನರ್ಸಬಾಯಿ ನಮ್ಮ ಕಚೇರಿಗೇ ಬಂದು ಕೇಳಿದ್ದುಂಟು. ಅಂತೂ ಹೊಸ ದವಾಖಾನೆ ಮಂಜೂರಾಯಿತು. ಒಂದೇ ಷರತ್ತು: ಜಾಗ ಯಾರದು ಎಂಬುದು ಕೆಲಸ ಶುರುವಾಗುವ ಮೊದಲು ತಕರಾರಿಲ್ಲದೆ ತೀರ್ಮಾನವಾಗಬೇಕು.

ಜಾಗ ಇತ್ತು. ರಸ್ತೆಯಿಂದ ಕೆನಾಲಿನ ಕಡೆಗೆ ಚಾಚಿದ ಎರೆಭೂಮಿ, ಜಾಲಿ ಬೆಳೆದು ಕತ್ತೆಗಳೂ ನುಗ್ಗದ ಹಾಗಾಗಿತ್ತು. ನಿಜಾಮರ ಕಾಲದ ಕಾಗದದಲ್ಲಿ ಅದು 'ಖಾರಿಜ್ ಖಾತಾ', ಅಂದರೆ ಯಾವ ರೈತನ ಹೆಸರಿನಲ್ಲೂ ಇಲ್ಲದ್ದು. "ಹಂಗಂದ್ರ ಯಾರ್ದೂ ಅಲ್ಲ ಅಂತಲ್ರಿ?" ಎಂದೆ ನಾನು. "ಯಾರ್ದೂ ಅಲ್ಲ ಅಂತಲ್ಲೋ ಶ್ಯಾಣ್ಯಾ. ಎಲ್ಲಾರ್ದೂ ಅಂತ," ಎಂದರು.

ಆದರೆ ಎಲ್ಲಾರ್ದು ಕಡಿಮೆ ಬಿತ್ತು. ನಕಾಶೆಯಲ್ಲಿದ್ದ ಕಟ್ಟಡವನ್ನು ನೆಲದ ಮೇಲೆ ಇಟ್ಟು ನೋಡಿದರೆ ಪಡುವಣ ದಿಕ್ಕಿಗೆ ಒಂದು ಪಟ್ಟಿಯಷ್ಟು ಜಾಗ ಸಾಲದು. ಹೆರಿಗೆ ವಾರ್ಡು ಪಕ್ಕದ ಹೊಲದಲ್ಲಿ ಕಾಲು ಚಾಚುತ್ತದೆ. ಆ ಹೊಲ ರೈತರ ಕಾಳುಕಡಿ ಮಾರಿಸಿಕೊಡುವ ನಮ್ಮೂರ ಅಡತಿ ಅಂಗಡಿಯ ಸಾವ್ಕಾರರದು. ಅವರನ್ನು ಅಣಕಿಸಲು ಮೊದಲು ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಆಮೇಲೆ ಹೊಟ್ಟೆಯಿಂದ ಮಾತಾಡಬೇಕು: "ನಮ್ಮಪ್ಪಾರು ಇದ್ದಿದ್ರ ಕೇಳ್ತಿದ್ದಿಲ್ಲ, ಕೊಟ್ಟೇಬಿಡ್ತಿದ್ರು. ನಾನೂ ಕೊಡ್ತೀನಿ. ದಾನ! ಆದ್ರ ಬಾಗಲಕ್ಕ ನಮ್ಮಪ್ಪಾರ ಹೆಸರು. ದವಾಖಾನಿ ನಡೆಸೋ ಕಮಿಟ್ಯಾಗ ನಮ್ಮ ಮನಿತನದವ್ರು, ಕಾಯಂ. ರಸ್ತಾದ ಕಡಿ ನಾಕು ಮಳಿಗಿ ನಮ್ಮವು. ಮಾಲಕಿ ನಮ್ದು, ರೋಗ ನಿಮ್ದು!" ಕೊನೆಯ ಮಾತು ಅವರದಲ್ಲ, ನಾನು ಸೇರಿಸಿದ್ದು. ಆದರೆ ದಾನಪತ್ರದ ಕರಡು ಓದಿದವರು ಯಾರೂ ಅದನ್ನು ಸುಳ್ಳೆನ್ನಲಿಲ್ಲ.

ಅದೇ ಪಟ್ಟಿಯ ಪಡುವಣ ಅಂಚಿಗೆ, ರಸ್ತೆಯ ಹತ್ತಿರ, ಸಾವ್ಕಾರರು ಹಿಂದೆ ನಾಲ್ಕು ನಿವೇಶನ ಮಾರಿದ್ದರು. ಕೊಂಡವರಲ್ಲಿ ಮನೆ ಕಟ್ಟಿದವರು ಒಬ್ಬರೇ, ಮೋಜಣಿ ಸಾಹೇಬರು. ಮುಂದೆ ಪಡಸಾಲೆ, ನಡುವೆ ದೇವರ ಜಗಲಿ, ಹಿಂದೆ ಮೂಡಣಕ್ಕೆ ಒಂದು ಕೋಣೆ ಮತ್ತು ಅಡುಗೆಮನೆ. ಜೀವಮಾನವೆಲ್ಲ ಬೇರೆಯವರ ನೆಲ ಅಳೆದವರು ಅಳೆದುಕೊಂಡ ಸ್ವಂತ ನೆಲ ಅಷ್ಟೇ.

ಕೆಲಸದ ತಯಾರಿ ನಡೆದಿತ್ತು. ಜಾಲಿ ಕಡಿದರು, ಸುಣ್ಣದ ಗೆರೆ ಹಾಕಿದರು. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ಕಟ್ಟಿದರೆ ಗೋಡೆ ಮಾತಾಡುತ್ತದೆ. ಹಾಗಾಗಿ ಗಟ್ಟಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆ ಎಂದು ನೋಡಲು ಮೂಲೆಮೂಲೆಗೆ ಗುಂಡಿ ತೋಡಿಸಿದರು. ದಾನ ಹೇಗೂ ಆಗುವುದೇ ಎಂದು ಸಾವ್ಕಾರರ ಪಟ್ಟಿಯ ತುದಿಯಲ್ಲೂ ಒಂದು ಗುಂಡಿ. ಅಲ್ಲಿ ಮೊದಲು ಕೆನಾಲಿನ ಬಸಿನೀರು ನಿಂತು ಜೌಗಾಗಿತ್ತಂತೆ. ಕೆನಾಲಿಗೆ ಕಲ್ಲು ಕಟ್ಟಿದ ಮೇಲೆ ಒಣಗಿತ್ತು. ನಾನು ಪಂಚನಾಮೆ ಬರೆಯಲು ಹೋಗಿದ್ದೆ. ಸಾವ್ಕಾರರು ತಮ್ಮ ದಾನ ನೋಡಿಕೊಳ್ಳಲು ಬಂದಿದ್ದರು, ಕೈಯಲ್ಲಿ ಕೊಡೆ.

ಸೊಂಟದಾಳಕ್ಕೆ ಗುಂಡಿ ಇಳಿದಾಗ ತೋಡುವವನು ಗುದ್ದಲಿ ನಿಲ್ಲಿಸಿದ. "ಇಲ್ಲಿ ಯಾರೋ ಒಲಿ ಹೂಡಿದ್ರು ನೋಡ್ರಿ. ಇದ್ದಲಿ, ಗಡಗಿ ಚೂರು."

ನನಗೆ ಇಷ್ಟು ಸಾಕಾಯಿತು. ಹೋಟೆಲಿನವನ ಗಂಟಲಲ್ಲಿ, "ಏ, ಎರಡು ಪ್ಲೇಟು ಸುಸಲಾ, ಮಿರ್ಚಿ ಬಿಸಿ ಅವ, ಮಿರ್ಚಿ!" ಎಂದು ಕೂಗಿದೆ. ಆಳುಗಳು ನಕ್ಕರು. ಸಾವ್ಕಾರರೂ ನಕ್ಕರು.

ಸಾಹೇಬರು ನಗಲಿಲ್ಲ. ಚಪ್ಪಲಿ ಬಿಟ್ಟು ಗುಂಡಿಗೆ ಇಳಿದರು. ಒಂದು ಇದ್ದಿಲ ತುಂಡು ತೆಗೆದು ಬೆರಳಲ್ಲಿ ತಿಕ್ಕಿದರು, ಮೂಸಿದರು. ಮೇಲೆ ಹತ್ತಿ ಬಂದು ಮಣ್ಣಿನ ಗುಪ್ಪೆಯ ಮೇಲೆ ಕುಳಿತರು. ಆಮೇಲೆ ಅವರ ಕಣ್ಣು ಗುಂಡಿಯಿಂದ ನೇರವಾಗಿ ರಸ್ತೆಯ ಕಡೆಗೆ ಒಂದು ಗೆರೆ ಎಳೆದುಕೊಂಡು ಹೋಗಿ ತಮ್ಮ ಮನೆಯ ಮೇಲೆ ನಿಂತಿತು.

ನನಗೆ ಏನೂ ತಿಳಿಯಲಿಲ್ಲ. ತಿಳಿಸಿದವರು ಅವರೇ, ಪಾಠ ಹೇಳುವ ದನಿಯಲ್ಲಿ: "ಹಿಂದಿನವ್ರು ಹೊಲದ ಮೂಲಿಗೆ ಬಾಂದಗಲ್ಲು ನೆಡೂ ಮುಂದ ಕೆಳಗ ಇದ್ದಲಿ, ಗಡಗಿ ಚೂರು ಹಾಕ್ತಿದ್ರು. ಕಲ್ಲು ಕಳ್ಳ ಕಿತ್ತಾನು, ಎತ್ತು ಕೆಡವೀತು. ಇದ್ದಲಿ ಕೊಳಿಯೂದಿಲ್ಲ, ಯಾರೂ ಕದಿಯೂದಿಲ್ಲ. ಕಲ್ಲು ಸುಳ್ಳು ಹೇಳಿದ್ರ ಇದ್ದಲಿ ಕೇಳು ಅಂತಿದ್ರು ನಮ್ಮ ಗುರುಗಳು."

"ಹಂಗಾದ್ರ ಬೇವಿನ ಗಿಡದ ಬುಡಕ ಇರೋ ಬಾಂದಗಲ್ಲು?" ಎಂದೆ. ಸರ್ಕಾರಿ ಜಮೀನಿನ ಮೂಲೆಗಲ್ಲು ಎಂದು ಎಲ್ಲರೂ ಅದರಿಂದಲೇ ಅಳೆಯುತ್ತಿದ್ದರು. ನಾವು ನಿಂತಲ್ಲಿಂದ ಇಪ್ಪತ್ತು ಹೆಜ್ಜೆ ಮೂಡಣಕ್ಕಿತ್ತು. ಮೈತುಂಬ ಕುಂಕುಮ, ತಲೆಯ ಮೇಲೆ ಹಸಿರು ಕುಪ್ಪಸದ ಕಣ; ಊರ ಹೆಣ್ಣುಮಕ್ಕಳಿಗೆ ಅದು ಅವ್ವ, ದೇವತೆ.

"ಅದನ್ನೇ ನಂಬಿ ಅಳದವ ನಾನು," ಎಂದರು. "ಕೆನಾಲಿಗೆ ನೀರು ಬಂದ ಮ್ಯಾಲೆ, ಊರ ಜಮೀನೆಲ್ಲ ಮತ್ತ ಅಳದಾಗ. ಬುಡಕ ಒಂದು ಗುದ್ದಲಿ ಹಾಕಿ ಇದ್ದಲಿ ಅದ ಏನಂತ ನೋಡ್ಬೇಕಾಗಿತ್ತು. ಅವತ್ತ ಹೆಣ್ಮಕ್ಳು ಉಡಿ ತುಂಬಿ ಹೋಗಿದ್ರು. ಅವ್ವನ್ನ ಯಾರು ಎಬ್ಬಿಸ್ಬೇಕಂತ ಬಿಟ್ಟೆ."

ಸಾವ್ಕಾರರಿಗೆ ನನಗಿಂತ ಮೊದಲೇ ತಿಳಿದಿತ್ತು. ಗಡಿ ಇಲ್ಲಿಗೆ ಬಂದರೆ ಪಟ್ಟಿಯೆಲ್ಲ ಸರ್ಕಾರದ್ದು. ದಾನವಿಲ್ಲ, ಬಾಗಿಲಿಗೆ ಹೆಸರಿಲ್ಲ, ಕಮಿಟಿಯಿಲ್ಲ, ಮಳಿಗೆಯಿಲ್ಲ. ಅವರು ಕೊಡೆ ಮಡಚಿ ಸಾಹೇಬರ ಪಕ್ಕಕ್ಕೆ ಬಾಗಿದರು. ಹೊಟ್ಟೆಯ ದನಿ ಗಂಟಲಿಗೆ ಏರಿತ್ತು.

"ಗುಂಡಿ ಮುಚ್ಚಿಸ್ಬಿಡ್ರಿ ಸಾಹೇಬ್ರ. ದವಾಖಾನಿ ಹೆಂಗೂ ಆಗ್ತದಲ್ಲ, ನಾ ಜಾಗಾ ಕೊಡಾಕತ್ತೀನಲ್ಲ. ಗೆರಿ ಇಲ್ಲಿಂದ ಹೋತಂದ್ರ ನಿಮ್ಮ ಮನಿ ನಡುವೇ ಹೋಗ್ತದ. ನಾ ಹೇಳ್ಬೇಕೇನು? ನೀವೇ ಅಳದು ತೊಗೊಂಡೀರಿ."

"ಹೌದ್ರಿ. ನಾನೇ ಅಳದೀನಿ," ಎಂದರು ಸಾಹೇಬರು. ಕರವಸ್ತ್ರ ಮಡಚಿದರು. ಕತ್ತು ಒರೆಸಿಕೊಂಡರು. ಮುಗಿಲು ನೋಡಿದರು. ಎರಡು ಸಲ ಕೆಮ್ಮಿದರು. "ಬರ್ಕೋ."

ಇಲ್ಲಿ ನನ್ನ ಶೌರ್ಯವನ್ನೂ ಹೇಳಿಬಿಡುತ್ತೇನೆ. ನನಗೆ ಅವರ ಅಡುಗೆಮನೆ ಗೊತ್ತಿತ್ತು, ಅಲ್ಲಿಯ ರೊಟ್ಟಿ, ಪುಂಡಿಪಲ್ಯ ಗೊತ್ತಿತ್ತು. "ಸಾಹೇಬ್ರ, ಪೆನ್ನಿನ್ಯಾಗ ಶಾಯಿ ಇಲ್ರಿ. ನಾಳಿ ಬರೀತೀನಿ," ಎಂದೆ. ಅವರು ನನ್ನನ್ನು ನೋಡಿದರು. ಕೈಯಲ್ಲಿದ್ದ ಕಪ್ಪು ತುಂಡನ್ನು ನನ್ನ ಕಡೆ ಚಾಚಿದರು.

"ಶಾಯಿ ಇಲ್ಲಂದ್ರ ಇದ್ದಲಿಲೆ ಬರಿ."

ಪೆನ್ನಿಗೆ ಶಾಯಿ ಬಂತು. ಗುಂಡಿ ಎಲ್ಲಿದೆ, ಎಷ್ಟು ಆಳ, ಏನೇನು ಸಿಕ್ಕಿತು, ಯಾರ್ಯಾರು ನೋಡಿದರು ಎಲ್ಲ ಬರೆಸಿದರು. ಕೊನೆಗೆ, "ಹಿಂದಿನ ಅಳತಿ ಮಾಡಿದವ ನಾನು. ಗಲತಿ ನಂದು. ಅದನ್ನೂ ಬರ್ಕೋ," ಎಂದರು. ಸಾವ್ಕಾರರು ಸಾಕ್ಷಿ ಸಹಿ ಹಾಕದೆ ಹೋದರು. ಕೊಡೆ ಬಿಚ್ಚುವುದನ್ನೂ ಮರೆತಿದ್ದರು.

ಬರೀ ಇದ್ದಿಲಿನ ಮಾತು ಮೇಲಿನ ಕಚೇರಿಯಲ್ಲಿ ನಡೆಯುವುದಿಲ್ಲ. ಕಲ್ಲು ಗುಂಡಿಯ ಜಾಗದಿಂದ ಬೇವಿನ ಬುಡಕ್ಕೆ ನಡೆದು ಹೋದದ್ದು ಹೇಗೆ ಎಂದು ಹೇಳುವವರು ಬೇಕಿತ್ತು. ಎರಡು ದಿನ ಹುಡುಕಿದೆವು. ಕೆನಾಲಿನ ಆಚೆ ಕಳೆ ತೆಗೆಯುತ್ತಿದ್ದ ಒಬ್ಬ ಮುದುಕಿ ಸೊಂಟ ನೆಟ್ಟಗೆ ಮಾಡದೆಯೇ ಹೇಳಿದಳು:

"ನಾವೇ ಎತ್ಗೊಂಡು ಹೋದ್ವಲ್ರಿ! ಕೆನಾಲಿಗೆ ಮೊದಲ್ನೇ ಸಲ ನೀರು ಬಿಟ್ಟಾಗ ಆ ತಗ್ಗಿಗೆಲ್ಲ ಬಸಿ ಬಂದಿತ್ತು. ಅವ್ವ ಮೊಣಕಾಲ್ಮಟ ನೀರಾಗ ನಿಂತಿದ್ಲು. ನಾವು ಐದು ಮಂದಿ ಹೆಣ್ಮಕ್ಳು ಹಗ್ಗ ಹಾಕಿ ಎಳದು ಬೇವಿನ ನೆಳ್ಳಿಗೆ ಕುಂಡ್ರಿಸಿದ್ವಿ. ಹೋಳಿಗಿ ಮಾಡಿದ್ವಿ."

"ಅದು ಸರ್ಕಾರದ ಕಲ್ಲಂತ ಗೊತ್ತಿರ್ಲಿಲ್ಲೇನಬೇ?" ಎಂದೆ.

"ಸರ್ಕಾರದ ಕಲ್ಲಿಗೆ ಕುಂಕುಮ ಯಾರು ಹಚ್ತಾರೋ ಎಪ್ಪಾ?"

ಸಾಹೇಬರು ಆಗ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಂದಿನ ಒಂದು ಹಲ್ಲು ಇರಲಿಲ್ಲ ಎಂಬುದೂ ಆಗಲೇ ಗೊತ್ತಾದದ್ದು. ಮುದುಕಿಯ ಮಾತು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡೆವು. ಹೆಬ್ಬೆಟ್ಟಿಗೆ ಕೆಸರು ಮೆತ್ತಿತ್ತು, ಸಾಹೇಬರು ತಮ್ಮ ಮಡಿಕೆಯ ಕರವಸ್ತ್ರ ಕೊಟ್ಟರು.

ಮನೆಯಲ್ಲಿ ಹೇಳುವಾಗ ನಾನೂ ಇದ್ದೆ. ಬೇಕೆಂದೇ ಕರೆದುಕೊಂಡು ಹೋಗಿದ್ದರು, ಮೂರನೆಯವರ ಎದುರು ಹೆಂಡತಿ ಬೈಯಲಾರಳು ಎಂಬ ಅಂದಾಜಿನಲ್ಲಿ. ಆ ಅಳತೆಯೂ ತಪ್ಪಿತು.

"ಏನಂದ್ರಿ? ನನ್ನ ಅಡಗಿಮನಿ ಸರ್ಕಾರದ್ದಂತ?" ಸಾಹೇಬರ ಹೆಂಡತಿ, ನಮಗೆಲ್ಲ ಅಕ್ಕಾರು, ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. "ಹಂಗಾದ್ರ ನಾಳಿಂದ ರೊಟ್ಟಿನೂ ಸರ್ಕಾರನೇ ಬಡೀಲಿ. ಊರಿನವ್ರ ಹೊಲದಾಗ ಎಂದೂ ಇದ್ದಲಿ ಸಿಗ್ಲಿಲ್ಲ, ನಮ್ಮ ಮನಿಗೇ ಸಿಕ್ತೇನು?" ನನ್ನ ಕಡೆ ತಿರುಗಿ, "ನೀನರ ಹೇಳಬಾರದೇನೋ, ಬಾಯಿಬಡಕ? ಎಲ್ಲಾರಂಗ ಮಾತಾಡ್ತಿ, ಒಂದಿನ ಶ್ಯಾಣ್ಯಾರಂಗ ಮಾತಾಡಾಕ ಆಗ್ಲಿಲ್ಲೇನು?" ಎಂದರು. ನನ್ನನ್ನು ಇಷ್ಟು ಸರಿಯಾಗಿ ಅಳೆದವರು ಇನ್ನೊಬ್ಬರಿಲ್ಲ.

ಆಮೇಲೆ ಎಷ್ಟೋ ದಿನ ಅವರು ಗಂಡನ ಜೊತೆ ಮಾತಾಡಲಿಲ್ಲ. ತಾಟನ್ನು ನೆಲದ ಮೇಲೆ ಜಾರಿಸುತ್ತಿದ್ದರು. ಸಾಹೇಬರು ಅದು ಜಾರಿದ ದೂರವನ್ನು ಕಣ್ಣಲ್ಲೇ ಅಳೆದು, ಸುಮ್ಮನೆ ಹತ್ತಿರಕ್ಕೆ ಎಳೆದುಕೊಂಡು ಉಣ್ಣುತ್ತಿದ್ದರು.

ಉಳಿಸಬೇಕೆಂದಿದ್ದರೆ ಉಳಿಸಬಹುದಿತ್ತು. ಅಳತೆ ಪಕ್ಕಾ ಆದ ಮೇಲೆ ಎಂಜಿನಿಯರರು ತಾವಾಗಿಯೇ, "ನಿಮ್ಮ ಮನೆಯ ಹತ್ತಿರ ಕಾಂಪೌಂಡನ್ನು ಸ್ವಲ್ಪ ಬಾಗಿಸೋಣ ಬಿಡಿ, ಯಾರು ಕೇಳುತ್ತಾರೆ?" ಎಂದರು. ನಾನು ಸಂತೋಷದಿಂದ ಸಾಹೇಬರ ಮುಖ ನೋಡಿದೆ.

"ನನ್ನ ಅಡಗಿಮನಿಗೆ ಇವತ್ತ ಬಾಗಿದ ಗೋಡಿ ನಾಳಿ ಸಾವ್ಕಾರ್ರ ಮಳಿಗಿಗೆ ಬಾಗ್ತದ್ರಿ," ಎಂದರು. "ನೆಟ್ಟಗ ಹೋಗ್ಲಿ."

ನೆಟ್ಟಗೆ ಹೋಯಿತು. ಸರಪಳಿ ಮುದುಕಿಯನ್ನು ತಾವೇ ಹಿಡಿದು, ತಮ್ಮ ಮನೆಯ ಅಂಗಳದಿಂದ ಹಿತ್ತಲಿನವರೆಗೆ ತಾವೇ ಎಳೆದರು. ಮುಂಜಾನೆ, ಬಿಸಿಲೇರುವ ಮೊದಲು. ದೇವರ ಜಗಲಿ ಒಂದು ಗೇಣಿನಲ್ಲಿ ಉಳಿಯಿತು. ಅಡುಗೆಮನೆ ಮತ್ತು ಹಿಂದಿನ ಕೋಣೆ ಆಚೆ ಹೋದವು. ಬಿಚ್ಚುವಾಗ ಆಳುಗಳಿಗೆ ಕಲ್ಲು ಹೇಗೆ ಪೇರಿಸಬೇಕೆಂದು ಹೇಳುತ್ತಾ ನಿಂತಿದ್ದರು. ಬೇರೆಯವರ ಮನೆ ಎಂಬಂತೆ ಎಂದು ಬರೆಯಬೇಕೆನಿಸುತ್ತದೆ, ಆದರೆ ಹಾಗಿರಲಿಲ್ಲ. ಬೇರೆಯವರ ಮನೆಯಲ್ಲಾದರೆ ಇಷ್ಟು ಮಾತಾಡುತ್ತಿರಲಿಲ್ಲ. ಅಕ್ಕಾರು ಅವತ್ತು ತಮ್ಮ ಅಕ್ಕನ ಊರಿಗೆ, ಕೊಡೇಕಲ್ಲಿಗೆ ಹೋಗಿದ್ದರು.

ಅಡಿಗಲ್ಲಿನ ದಿನ ಸಾವ್ಕಾರರು ಮೊದಲ ಸಾಲಿನಲ್ಲೇ ಕುಳಿತಿದ್ದರು. ಸಾಹೇಬರನ್ನು ವೇದಿಕೆಗೆ ಕರೆಯುವುದು ಯಾರಿಗೂ ನೆನಪಾಗಲಿಲ್ಲ. ಅವರು ಶಾಮಿಯಾನದ ಕಂಬ ನೆಟ್ಟಗಿಲ್ಲವೆಂದು ಅದರ ಸುತ್ತ ಓಡಾಡುತ್ತಿದ್ದರು.

ಆದರೆ ನನ್ನ ಲೆಕ್ಕಕ್ಕೆ ಅಡಿಗಲ್ಲು ಬಿದ್ದದ್ದು ಅದಕ್ಕೂ ಒಂದು ವಾರ ಮೊದಲು, ಬಾಂದಗಲ್ಲನ್ನು ಬೇವಿನ ಬುಡದಿಂದ ಮತ್ತೆ ಅದರ ಮೂಲ ಜಾಗದಲ್ಲಿ ನೆಟ್ಟ ದಿನ. ಹೇಗೋ ಸುದ್ದಿ ಹಬ್ಬಿ ಹೆಣ್ಣುಮಕ್ಕಳೆಲ್ಲ ಕುಂಕುಮ, ಕಣ, ಕಾಯಿ ಹಿಡಿದು ಬಂದುಬಿಟ್ಟರು. ಕಳೆ ತೆಗೆಯುವ ಮುದುಕಿಯೇ ಮುಂದೆ. "ಅವ್ವ ತನ್ನ ಜಾಗಾಕ್ಕ ಹೊಂಟಾಳ," ಎಂದಳು. ಅಕ್ಕಾರೂ ಬಂದಿದ್ದರು, ಗಂಡನಿಂದ ಎರಡು ಸರಪಳಿ ದೂರದಲ್ಲಿ ನಿಂತಿದ್ದರು. ಈ ಸಲ ಸಾಹೇಬರು ಯಾರನ್ನೂ ಎಬ್ಬಿಸಲು ಅಂಜಲಿಲ್ಲ. ಪೂಜೆ ಮುಗಿಯುವವರೆಗೆ ಕಾದು, ಕೈಮುಗಿದು, ಕಲ್ಲನ್ನು ಎತ್ತಿಸಿದರು. ಅದರ ಬುಡದಲ್ಲಿ ಗುದ್ದಲಿ ಹಾಕಿಸಿ ಎಲ್ಲರಿಗೂ ತೋರಿಸಿದರು. ಬರೀ ಮಣ್ಣು.

ಹೊಸ ಕುಣಿಯ ಹತ್ತಿರ ಬಂದಾಗ ಕೈಚೀಲ ಬಿಚ್ಚಿದರು. ಒಡೆದ ಗಡಿಗೆಯ ಚೂರು ಹಾಕಿದರು. ಆಮೇಲೆ ಇದ್ದಿಲು, ಹಿಡಿಹಿಡಿಯಾಗಿ, ಹರಡಿ ಹಾಕಿದರು. ತೋಡಿದಾಗ ಸಿಕ್ಕಿದ್ದನ್ನೆಲ್ಲ ನಾವು ಮುದ್ರೆ ಹಾಕಿ ಸುರಪುರಕ್ಕೆ ಕಳಿಸಿದ್ದೆವು. ಇದು ಬೇರೆಯದು, ಹೊಸದು.

ಬರೆದುಕೊಳ್ಳುತ್ತಿದ್ದ ನಾನು ರೂಢಿಯಂತೆ ಕೇಳಿದೆ: "ಇದ್ದಲಿ ಎಲ್ಲಿಂದು ಅಂತ ಬರೀಲ್ರಿ?"

ಅವರು ಕುಣಿಯೊಳಗೇ ನೋಡುತ್ತಿದ್ದರು. "ನಮ್ಮ ಮನಿ ಒಲಿ ಬಿಚ್ಚಿದ್ವಲ್ಲ. ಅದ್ರಾಗಿಂದು," ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಎದ್ದರು, ಕರವಸ್ತ್ರ ತೆಗೆದರು, ಕೈ ಕಪ್ಪಾಗಿತ್ತೆಂದು ಹಾಗೇ ಒಳಗಿಟ್ಟರು. ಎರಡು ಸಲ ಕೆಮ್ಮಿದರು.

"ಬರ್ಕೋ. ಇದ್ದಲಿ, ಒಂದು ಚೀಲ. ಎಲ್ಲಿಂದು ಅನ್ನೂದು ಬ್ಯಾಡ."

ಅವರು ನನಗೆ ಬರೆಯಬೇಡ ಎಂದದ್ದು ಅದೊಂದೇ ಸಂಗತಿ. ಇವತ್ತಿನವರೆಗೆ ಬರೆದಿರಲಿಲ್ಲ.